ಸಿ ಪ್ರೋಗ್ರಾಮ್ ಬರೆಯೋಕೆ ಏನು ಹಾಕ್ಕೊಳ್ಳೋದು? ತುಮಕೂರಿನ ಫಸ್ಟ್ ಇಯರ್ ಸ್ಟೂಡೆಂಟ್ಸ್‌ಗೆ

ಕಾಲೇಜು ಶುರುವಾಗಿ ಮೊದಲ ಲ್ಯಾಬ್ ಮುಗೀತಿದ್ದ ಹಾಗೇ ಎಲ್ಲರೂ ಕೇಳೋದು ಒಂದೇ ಪ್ರಶ್ನೆ, ರೂಮಲ್ಲಿ ಪ್ರಾಕ್ಟೀಸ್ ಮಾಡೋಕೆ ಯಾವ ಸಾಫ್ಟ್‌ವೇರ್ ಹಾಕ್ಕೊಳ್ಳಲಿ ಅಂತ. ಡಿಪ್ಲೊಮಾದವರು, ಬಿಸಿಎದವರು, ಇಂಜಿನಿಯರಿಂಗ್‌ನವರು, ಶಿರಾ ಪಾವಗಡ ಮಧುಗಿರಿ ಗುಬ್ಬಿ ಕಡೆಯಿಂದ ಬಂದು ತುಮಕೂರಲ್ಲಿ ರೂಮ್ ಮಾಡ್ಕೊಂಡಿರೋರು, ದಿನಾ ಬಸ್ಸಲ್ಲಿ ಓಡಾಡೋರು, ಎಲ್ಲರದ್ದೂ ಅದೇ. ಸೀನಿಯರ್‌ನ ಕೇಳಿದ್ರೆ ಟರ್ಬೊ ಸಿ ಅಂತಾರೆ, ಯೂಟ್ಯೂಬ್ ನೋಡಿದ್ರೆ ವಿಎಸ್ ಕೋಡ್ ಅಂತಾರೆ, ಪಕ್ಕದ ರೂಮಿನವನು ಫೋನಲ್ಲೇ ಆಗುತ್ತೆ ಬಿಡು ಅಂತಾನೆ, ಕೊನೆಗೆ ಮೂರನ್ನೂ ಹಾಕ್ಕೊಂಡು ಮೂರರಲ್ಲೂ ಮೂರು ಥರ ಎರರ್ ಬಂದು, ಪ್ರೋಗ್ರಾಮಿಂಗೇ ನನಗೆ ಬರಲ್ಲ ಅಂತ ಕೈಬಿಟ್ಟು ಕೂರೋರನ್ನ ನಾನು ತುಂಬಾ ನೋಡಿದೀನಿ. ಅದು ನನಗೆ ನಿಜವಾಗ್ಲೂ ಬೇಜಾರಾಗೋ ವಿಷಯ, ಯಾಕಂದ್ರೆ ಅವರಿಗೆ ಲಾಜಿಕ್ ಬರುತ್ತೆ, ತೊಂದರೆ ಇರೋದು ಸೆಟಪ್ಪಲ್ಲಿ.

ನಾನು ಹೇಳೋದು ಇಷ್ಟೇ. ಕಂಪೈಲರ್ ಯಾವುದು ಅಂತ ನಿಮ್ಮ ಲ್ಯಾಬ್ ನೋಡಿ ತೀರ್ಮಾನ ಮಾಡಿ, ಎಡಿಟರ್ ಯಾವುದು ಅಂತ ನಿಮ್ಮ ಮಷಿನ್ ನೋಡಿ ತೀರ್ಮಾನ ಮಾಡಿ. ಇವೆರಡನ್ನ ಕಲಸಿ ಒಂದೇ ಅನ್ಕೊಂಡ್ರೆ ಅಲ್ಲೇ ಗೊಂದಲ ಶುರು.

ಎಡಿಟರ್ ಅಂದ್ರೆ ಬರೀ ಟೈಪ್ ಮಾಡೋ ಜಾಗ, ನೋಟ್‌ಪ್ಯಾಡ್, ನೋಟ್‌ಪ್ಯಾಡ್ ಪ್ಲಸ್ ಪ್ಲಸ್, ಜೀನಿ, ವಿಎಸ್ ಕೋಡ್ ಎಲ್ಲ ಇದೇ ಜಾತಿ. ಕಂಪೈಲರ್ ಅಂದ್ರೆ ನೀವು ಟೈಪ್ ಮಾಡಿದ್ದನ್ನ ಓದಿ ಮಷಿನ್‌ಗೆ ಅರ್ಥವಾಗೋ ಹಾಗೆ ಮಾಡಿಕೊಡೋದು, ಜಿಸಿಸಿ, ಕ್ಲ್ಯಾಂಗ್, ಮೈಕ್ರೋಸಾಫ್ಟ್‌ನ ಕಂಪೈಲರ್ ಇವೆಲ್ಲ. ಇವೆರಡನ್ನೂ ಒಂದೇ ಕಿಟಕಿಯೊಳಗೆ ಸೇರಿಸಿ ಕೊಟ್ರೆ ಅದು ಐಡಿಇ, ಕೋಡ್‌ಬ್ಲಾಕ್ಸ್, ಡೆವ್ ಸಿ ಪ್ಲಸ್ ಪ್ಲಸ್, ಟರ್ಬೊ ಸಿ ಪ್ಲಸ್ ಪ್ಲಸ್ ಥರದ್ದು. ರಾಗಿ ತುಂಬೋ ಚೀಲ ಬದಲಾಯಿಸಿದ್ರೆ ಹಿಟ್ಟು ಬೇರೆ ಆಗಲ್ಲ, ಬೀಸೋ ಮಿಲ್ ಬದಲಾಯಿಸಿದ್ರೆ ಆಗುತ್ತೆ. ಹಾಗೇ ಎಡಿಟರ್ ಬದಲಾದ್ರೆ ಔಟ್‌ಪುಟ್ ಬದಲಾಗಲ್ಲ, ಕಂಪೈಲರ್ ಬದಲಾದ್ರೆ ಬದಲಾಗಬಹುದು.

ಮೊದಲು ಲ್ಯಾಬಲ್ಲಿ ಏನಿದೆ ನೋಡ್ಕೊಂಡು ಬನ್ನಿ

ಮುಂದಿನ ಲ್ಯಾಬಿಗೆ ಹೋದಾಗ ಎರಡು ವಿಷಯ ನೋಡಿ. ಮಷಿನ್ ವಿಂಡೋಸಾ, ಉಬುಂಟು ಅನ್ನೋ ಲಿನಕ್ಸಾ, ಅಲ್ಲಿ ಕಂಪೈಲ್ ಮಾಡೋದು ಹೇಗೆ. ಉಬುಂಟು ಆಗಿದ್ರೆ ಟರ್ಮಿನಲ್, ಅಂದ್ರೆ ಕಮ್ಯಾಂಡ್ ಟೈಪ್ ಮಾಡೋ ಕಿಟಕಿ ತೆಗೆದು ಜಿಸಿಸಿ, ಒಂದು ಸ್ಪೇಸ್, ಎರಡು ಡ್ಯಾಶ್, ವರ್ಷನ್ ಅಂತ ಟೈಪ್ ಮಾಡಿ ಎಂಟರ್ ಒತ್ತಿ, ನಂಬರ್ ಬರುತ್ತೆ, ಅದನ್ನ ರೆಕಾರ್ಡ್ ಬುಕ್ ಹಿಂದೆ ಬರೆದಿಟ್ಕೊಳ್ಳಿ. ಈ ಬರಹದಲ್ಲಿ ಕಮ್ಯಾಂಡ್‌ಗಳನ್ನ ಬಾಯಲ್ಲಿ ಹೇಳೋ ಥರಾನೇ ಬರೀತಿದೀನಿ, ನೀವು ಟೈಪ್ ಮಾಡುವಾಗ ಎಲ್ಲ ಇಂಗ್ಲಿಷ್ ಸಣ್ಣಕ್ಷರ, ಡ್ಯಾಶ್ ಅಂದ ಕಡೆ ಸೊನ್ನೆ ಕೀ ಪಕ್ಕದಲ್ಲಿರೋ ಅಡ್ಡಗೆರೆ, ಡಾಟ್ ಅಂದ ಕಡೆ ಚುಕ್ಕಿ.

ಇನ್ನೂ ಕೆಲವು ಕಡೆ ಟರ್ಬೊ ಸಿ ಪ್ಲಸ್ ಪ್ಲಸ್ ಇದೆ, ನೀಲಿ ಸ್ಕ್ರೀನಿಂದು. ಬೋರ್ಲ್ಯಾಂಡ್ ಕಂಪನಿ ಟರ್ಬೊ ಸಿ ತಂದಿದ್ದು 1987ರಲ್ಲಿ, ಟರ್ಬೊ ಸಿ ಪ್ಲಸ್ ಪ್ಲಸ್ ತಂದಿದ್ದು 1990ರಲ್ಲಿ, ಆ ಕಾಲಕ್ಕೆ ಅದು ತುಂಬಾ ಒಳ್ಳೇ ಟೂಲ್, ಎಡಿಟರ್ ಕಂಪೈಲರ್ ಎರಡೂ ಒಂದೇ ಕಡೆ ಕೊಟ್ಟು ಕ್ಷಣದಲ್ಲಿ ಕಂಪೈಲ್ ಮಾಡ್ತಿತ್ತು. ಆದ್ರೆ ಅದು ಡಾಸ್ ಅನ್ನೋ ಹಳೇ ಆಪರೇಟಿಂಗ್ ಸಿಸ್ಟಮ್‌ಗೆ ಮಾಡಿದ್ದು, 16 ಬಿಟ್. ಈಗಿನ 64 ಬಿಟ್ ವಿಂಡೋಸ್ 16 ಬಿಟ್ ಪ್ರೋಗ್ರಾಮ್ ನೇರವಾಗಿ ಓಡಿಸೋದೇ ಇಲ್ಲ, ಅದಕ್ಕೇ ಡಾಸ್‌ಬಾಕ್ಸ್ ಅನ್ನೋದರೊಳಗೆ ಕೂರಿಸಿ ಓಡಿಸ್ತಾರೆ. ಸಿ ಪ್ಲಸ್ ಪ್ಲಸ್‌ಗೆ ಮೊದಲ ಸ್ಟ್ಯಾಂಡರ್ಡ್ ಬಂದಿದ್ದೇ 1998ರಲ್ಲಿ, ಅಂದ್ರೆ ಟರ್ಬೊ ಬಂದು ಎಷ್ಟೋ ವರ್ಷ ಆದಮೇಲೆ, ಹಾಗಾಗಿ ಅದರಲ್ಲಿ ಕಲಿತ ಕೆಲವು ಹೆಡರ್ ಹೆಸರುಗಳು, ಅಂದ್ರೆ ಪ್ರೋಗ್ರಾಮ್ ಮೇಲ್ಗಡೆ ಇನ್‌ಕ್ಲೂಡ್ ಮಾಡೋ ಫೈಲ್‌ಗಳ ಹೆಸರು, ಬೇರೆ ಕಡೆ ಕೆಲಸ ಮಾಡಲ್ಲ.

ವ್ಯತ್ಯಾಸ ಎಷ್ಟು ಅಂತ ಒಂದು ಉದಾಹರಣೆ ಕೊಡ್ತೀನಿ, ಎಲ್ಲರೂ ಬರೆಯೋ ಫ್ಯಾಕ್ಟೋರಿಯಲ್ ಪ್ರೋಗ್ರಾಮ್. ಇಂಟ್ ವೇರಿಯಬಲ್ ಹಾಕಿ ಬರೆದಿರ್ತೀರ. ಟರ್ಬೊದಲ್ಲಿ ಇಂಟ್ ಅಂದ್ರೆ 2 ಬೈಟ್, ಅದರಲ್ಲಿ ಹಿಡಿಸೋ ದೊಡ್ಡ ಸಂಖ್ಯೆ 32767. ಇನ್‌ಪುಟ್ 7 ಕೊಡಿ, 5040 ಸರಿಯಾಗೇ ಬರುತ್ತೆ. 8 ಕೊಡಿ, 40320 ಬರಬೇಕು, ಬರೋದು ಮೈನಸ್ 25216. ಅದೇ ಪ್ರೋಗ್ರಾಮ್ ಒಂದಕ್ಷರ ಬದಲಾಯಿಸದೆ ಈಗಿನ ಜಿಸಿಸಿಯಲ್ಲಿ ಕಂಪೈಲ್ ಮಾಡಿ, ಅಲ್ಲಿ ಇಂಟ್ 4 ಬೈಟ್, 12ರವರೆಗೂ ಸರಿ ಬರುತ್ತೆ, 479001600. 13 ಕೊಟ್ರೆ 6227020800 ಬರೋ ಬದಲು 1932053504 ಬರುತ್ತೆ, ಮೈನಸ್ ಕೂಡ ಇಲ್ಲ, ನೋಡೋಕೆ ಸರಿಯಾದ ಉತ್ತರದ ಥರಾನೇ ಇರುತ್ತೆ. ಪ್ರೋಗ್ರಾಮ್ ಒಂದೇ, ಕಂಪೈಲರ್ ಬೇರೆ, ತಪ್ಪೋ ಜಾಗ ಬೇರೆ. ವೈವಾದಲ್ಲಿ ಇಂಟ್ ಎಷ್ಟು ಬೈಟ್ ಅಂತ ಕೇಳಿದಾಗ ಎರಡು ಅಂತ ಒಬ್ಬರು ನಾಲ್ಕು ಅಂತ ಒಬ್ಬರು ಹೇಳೋದಕ್ಕೆ ಕಾರಣಾನೂ ಇದೇ, ಸರಿಯಾದ ಉತ್ತರ ಕಂಪೈಲರ್ ಮೇಲೆ ಹೋಗುತ್ತೆ ಅಂತ.

ನಿಮ್ಮ ಲ್ಯಾಬಲ್ಲಿ ಟರ್ಬೊ ಇದ್ರೆ ಏನು ಮಾಡೋದು? ಎಕ್ಸಾಮ್ ಅದರಲ್ಲೇ ಇರುತ್ತಲ್ಲ, ಬೈದುಕೊಂಡು ಪ್ರಯೋಜನ ಇಲ್ಲ. ಲ್ಯಾಬ್ ಟೈಮಲ್ಲಿ ಅದನ್ನ ಬಳಸಿ, ಮನೇಲಿ ಜಿಸಿಸಿ ಇಟ್ಕೊಳ್ಳಿ, ಪ್ರೋಗ್ರಾಮ್ ಮಾತ್ರ ಎರಡು ಕಡೆನೂ ಓಡೋ ಹಾಗೆ ಬರೀರಿ. ಸ್ಕ್ರೀನ್ ಅಳಿಸೋ ಕ್ಲಿಯರ್ ಸ್ಕ್ರೀನ್ ಫಂಕ್ಷನ್ ಹಾಕಬೇಡಿ, ಕೀ ಒತ್ತೋವರೆಗೂ ಕಾಯೋ ಗೆಟ್‌ಸಿಎಚ್ ಹಾಕಬೇಡಿ, ವಾಯ್ಡ್ ಮೇನ್ ಬದಲು ಇಂಟ್ ಮೇನ್ ಬರೆದು ಕೊನೇಲಿ ರಿಟರ್ನ್ ಸೊನ್ನೆ ಹಾಕಿ, ವೇರಿಯಬಲ್‌ಗಳನ್ನೆಲ್ಲ ಫಂಕ್ಷನ್ ಶುರುವಿನಲ್ಲೇ ಡಿಕ್ಲೇರ್ ಮಾಡಿ. ಹೀಗೆ ಬರೆದಿದ್ದು ಟರ್ಬೊದಲ್ಲೂ ಓಡುತ್ತೆ, ಉಬುಂಟುವಲ್ಲೂ ಓಡುತ್ತೆ.

ವಿಂಡೋಸ್ ಲ್ಯಾಪ್‌ಟಾಪ್ ಇದ್ರೆ

ಮುಕ್ಕಾಲು ಜನರ ಹತ್ರ ಇರೋದು ಇದೇ, ಸೆಕೆಂಡ್ ಹ್ಯಾಂಡ್ 4 ಜಿಬಿ ರ್‍ಯಾಮ್ ಇರೋದೋ ಅಣ್ಣ ಅಕ್ಕ ಬಳಸಿ ಬಿಟ್ಟಿದ್ದೋ. ಇದಕ್ಕೆ ನನ್ನ ಮೊದಲ ಆಯ್ಕೆ ಕೋಡ್‌ಬ್ಲಾಕ್ಸ್. ಫ್ರೀ, ಹಗುರ, ಒಂದೇ ಫೈಲ್ ಡೌನ್‌ಲೋಡ್ ಮಾಡಿದ್ರೆ ಕಂಪೈಲರ್ ಸಮೇತ ಬರುತ್ತೆ. ಆದ್ರೆ ಇಲ್ಲೇ ಎಲ್ಲರೂ ಎಡವೋದು, ಅವರ ಸೈಟಲ್ಲಿ ಡೌನ್‌ಲೋಡ್ ಪೇಜಲ್ಲಿ ಒಂದರ ಕೆಳಗೆ ಒಂದು ಒಂದೇ ಥರ ಕಾಣೋ ಫೈಲ್‌ಗಳಿರ್ತವೆ, ಬರೀ ಸೆಟಪ್ ಅಂತ ಇರೋದು ಎಡಿಟರ್ ಭಾಗ ಮಾತ್ರ, ಹೆಸರಲ್ಲಿ ಮಿನ್‌ಜಿಡಬ್ಲ್ಯೂ ಸೆಟಪ್ ಅಂತ ಇರೋದರಲ್ಲಿ ಮಾತ್ರ ಜಿಸಿಸಿ ಕಂಪೈಲರ್ ಇರೋದು. ಚಿಕ್ಕ ಫೈಲ್ ನೋಡಿ ಡೇಟಾ ಉಳಿಯುತ್ತೆ ಅಂತ ಮೊದಲನೇದು ತಗೊಂಡ್ರೆ, ಇನ್‌ಸ್ಟಾಲ್ ಚೆನ್ನಾಗೇ ಆಗುತ್ತೆ, ಪ್ರೋಗ್ರಾಮ್ ಬರೆದು ಎಫ್ 9 ಒತ್ತಿದಾಗ ಕಂಪೈಲರ್ ಸಿಗ್ತಿಲ್ಲ ಅಂತ ಕೆಂಪಕ್ಷರದಲ್ಲಿ ಹೇಳುತ್ತೆ. ಆಗ ಗಾಬರಿ ಆಗಬೇಡಿ, ಅದನ್ನ ತೆಗೆದುಹಾಕಿ ಮಿನ್‌ಜಿಡಬ್ಲ್ಯೂ ಇರೋದನ್ನ ಹಾಕಿ, ಮುಗೀತು.

ಲ್ಯಾಪ್‌ಟಾಪ್ ಹೊಸದು, ಸ್ಟೋರ್ ಬಿಟ್ಟು ಹೊರಗಿನ ಯಾವ ಸಾಫ್ಟ್‌ವೇರೂ ಹಾಕೋಕೆ ಬಿಡ್ತಿಲ್ಲ ಅಂದ್ರೆ ಅದು ವಿಂಡೋಸ್ ಎಸ್ ಮೋಡಲ್ಲಿ ಇರಬಹುದು. ಸೆಟ್ಟಿಂಗ್ಸ್‌ನಲ್ಲಿ ಆಕ್ಟಿವೇಶನ್ ಅನ್ನೋ ಕಡೆಯಿಂದ ಅದರಿಂದ ಹೊರಗೆ ಬರಬಹುದು, ದುಡ್ಡು ಕೊಡಬೇಕಾಗಿಲ್ಲ, ವಾಪಸ್ ಆ ಮೋಡ್‌ಗೆ ಹೋಗೋಕೆ ಮಾತ್ರ ಆಗಲ್ಲ, ಸ್ಟೂಡೆಂಟ್‌ಗೆ ಅದರಿಂದ ನಷ್ಟ ಏನಿಲ್ಲ.

ಇನ್ನೊಂದು ದಾರಿ ಇದೆ, ಅಷ್ಟಾಗಿ ಯಾರೂ ಹೇಳಲ್ಲ, ನನಗಂತೂ ತುಂಬಾ ಇಷ್ಟ. ಡಬ್ಲ್ಯೂ 64 ಡೆವ್‌ಕಿಟ್ ಅಂತ ಒಂದಿದೆ, ಇನ್‌ಸ್ಟಾಲ್ ಅನ್ನೋದೇ ಇಲ್ಲ, ಬಿಚ್ಚಿದ್ರೆ ಒಂದು ಫೋಲ್ಡರ್ ಆಗುತ್ತೆ, ಒಳಗೆ ಜಿಸಿಸಿ, ತಪ್ಪು ಹುಡುಕೋಕೆ ಬಳಸೋ ಡೀಬಗರ್ ಎಲ್ಲ ಇರುತ್ತೆ, ಅಡ್ಮಿನ್ ಪಾಸ್‌ವರ್ಡ್ ಬೇಡ. ಫೋಲ್ಡರ್‌ನ ಪೆನ್‌ಡ್ರೈವ್‌ಗೆ ಹಾಕ್ಕೊಂಡು ಸೈಬರ್ ಸೆಂಟರ್‌ನ ಮಷಿನಲ್ಲೋ ಫ್ರೆಂಡ್ ಲ್ಯಾಪ್‌ಟಾಪಲ್ಲೋ ಡಬಲ್ ಕ್ಲಿಕ್ ಮಾಡಿದ್ರೆ ಕಪ್ಪು ಕಿಟಕಿ ತೆರೆಯುತ್ತೆ, ಅಲ್ಲೇ ಜಿಸಿಸಿ ಕೆಲಸ ಮಾಡುತ್ತೆ. ರೂಮಲ್ಲಿ ನಾಲ್ಕು ಜನ ಇದ್ರೆ ಒಬ್ಬರು ಡೌನ್‌ಲೋಡ್ ಮಾಡಿ ಮಿಕ್ಕವರು ಕಾಪಿ ಮಾಡ್ಕೊಂಡ್ರೆ ಆಯ್ತು, ನಾಲ್ಕೂ ಜನರ ದಿನದ ಡೇಟಾ ಖಾಲಿ ಮಾಡೋದು ಬೇಡ. ಇದರ ಜೊತೆ ಎಡಿಟರ್‌ಗೆ ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಇದ್ರೆ ಸಾಕೋ ಸಾಕು.

ಯಾವುದೇ ಹಾಕ್ಕೊಳ್ಳಿ, ಮೊದಲನೇ ಪ್ರೋಗ್ರಾಮ್ ಬರೆಯೋ ಮುಂಚೆ ಎರಡು ಕೆಲಸ ಮಾಡಿ. ಒಂದು, ಸಿ ಡ್ರೈವ್‌ನಲ್ಲೋ ಡಿ ಡ್ರೈವ್‌ನಲ್ಲೋ ನೇರವಾಗಿ ಒಂದು ಫೋಲ್ಡರ್ ಮಾಡಿ, ಹೆಸರಲ್ಲಿ ಸ್ಪೇಸ್ ಇರಬಾರದು, ಲ್ಯಾಬ್ ಅಂತ ಒಂದೇ ಪದ ಇಡಿ ಸಾಕು. ಡೆಸ್ಕ್‌ಟಾಪ್‌ನಲ್ಲಿ ನ್ಯೂ ಫೋಲ್ಡರ್ ಎರಡು ಅಂತ ಇರೋ ಕಡೆ ಇಟ್ರೆ ಡೀಬಗರ್ ಕೈ ಕೊಡುತ್ತೆ, ಕಮ್ಯಾಂಡ್ ಟೈಪ್ ಮಾಡೋಕೂ ಹಿಂಸೆ. ಎರಡು, ಫೈಲ್ ಹೆಸರಿನ ಬಾಲ ಕಾಣೋ ಹಾಗೆ ಮಾಡ್ಕೊಳ್ಳಿ. ವಿಂಡೋಸ್ 11ರಲ್ಲಿ ಫೋಲ್ಡರ್ ತೆಗೆದು ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಟಿಕ್ ಮಾಡಿ. ವಿಂಡೋಸ್ 10ರಲ್ಲಿ ವ್ಯೂ ಒತ್ತಿದ್ರೆ ಅಲ್ಲೇ ಟಿಕ್ ಬಾಕ್ಸ್ ಇರುತ್ತೆ.

ಇದು ಯಾಕೆ ಬೇಕು ಅಂದ್ರೆ, ನೋಟ್‌ಪ್ಯಾಡಲ್ಲಿ ಬರೆದು ಹಲೋ ಡಾಟ್ ಸಿ ಅಂತ ಸೇವ್ ಮಾಡ್ತೀರ, ಅದು ತಾನೇ ಹಿಂದೆ ಡಾಟ್ ಟಿಎಕ್ಸ್‌ಟಿ ಸೇರಿಸಿಬಿಟ್ಟಿರುತ್ತೆ, ವಿಂಡೋಸ್ ಆ ಬಾಲ ಮುಚ್ಚಿಟ್ಟಿರೋದರಿಂದ ನಿಮಗೆ ಕಾಣೋದು ಹಲೋ ಡಾಟ್ ಸಿ ಅಂತಾನೇ. ಜಿಸಿಸಿ ಕೊಟ್ರೆ ಅಂಥ ಫೈಲೇ ಇಲ್ಲ ಅನ್ನುತ್ತೆ. ಕಣ್ಣೆದುರಿಗೆ ಇದೆಯಲ್ಲ ಅಂತ ಗಂಟೆಗಟ್ಲೆ ತಲೆ ಕೆಡಿಸ್ಕೊಂಡು ಜಿಸಿಸಿನೇ ಮೂರು ಸಲ ಅನ್‌ಇನ್‌ಸ್ಟಾಲ್ ಮಾಡಿ ಹಾಕಿದೋರು ಇದಾರೆ. ಸೇವ್ ಮಾಡುವಾಗ ಸೇವ್ ಆಸ್ ಟೈಪ್ ಅನ್ನೋ ಕಡೆ ಆಲ್ ಫೈಲ್ಸ್ ಆರಿಸ್ಕೊಂಡ್ರೆ ಈ ತೊಂದರೆ ಇರಲ್ಲ.

ಆಮೇಲೆ ಕಂಪೈಲ್ ಮಾಡೋದು. ಕಮ್ಯಾಂಡ್ ಟೈಪ್ ಮಾಡೋ ಕಪ್ಪು ಕಿಟಕಿಯಲ್ಲಿ ಆ ಫೋಲ್ಡರ್‌ಗೆ ಹೋಗಿ ಜಿಸಿಸಿ, ಸ್ಪೇಸ್, ಡ್ಯಾಶ್ ವಾಲ್, ಸ್ಪೇಸ್, ಹಲೋ ಡಾಟ್ ಸಿ, ಸ್ಪೇಸ್, ಡ್ಯಾಶ್ ಓ, ಸ್ಪೇಸ್, ಹಲೋ, ಎಂಟರ್. ವಾಲ್ ಅನ್ನೋದರಲ್ಲಿ ಡಬ್ಲ್ಯೂ ಮಾತ್ರ ದೊಡ್ಡಕ್ಷರ, ಅಷ್ಟೇ ಎಕ್ಸೆಪ್ಷನ್. ಏನೂ ಮಾತಾಡದೆ ಕೆಳಗಿನ ಲೈನ್‌ಗೆ ಬಂದ್ರೆ ಕಂಪೈಲ್ ಆಯ್ತು ಅಂತ ಅರ್ಥ, ಹಲೋ ಅಂತ ಟೈಪ್ ಮಾಡಿದ್ರೆ ಓಡುತ್ತೆ, ಕಮ್ಯಾಂಡ್ ಸಿಗ್ತಿಲ್ಲ ಅಂದ್ರೆ ಮುಂದೆ ಒಂದು ಡಾಟ್ ಒಂದು ಸ್ಲ್ಯಾಶ್ ಸೇರಿಸಿ. ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ಓಡಿಸಬೇಡಿ, ಔಟ್‌ಪುಟ್ ತೋರಿಸಿ ಕಿಟಕಿ ಪಟ್ ಅಂತ ಮುಚ್ಚಿಕೊಳ್ಳುತ್ತೆ, ಏನೂ ಬಂದೇ ಇಲ್ಲ ಅನ್ಸುತ್ತೆ. ಇನ್ನೊಂದು, ಹಿಂದಿನ ಸಲ ಓಡಿಸಿದ್ದು ಇನ್‌ಪುಟ್ ಕಾಯ್ತಾ ಇನ್ನೂ ತೆರೆದೇ ಇದ್ರೆ ಹೊಸದಾಗಿ ಕಂಪೈಲ್ ಮಾಡುವಾಗ ಪರ್ಮಿಷನ್ ಡಿನೈಡ್ ಅನ್ನುತ್ತೆ, ಆ ಹಳೇ ಕಿಟಕಿ ಮುಚ್ಚಿದ್ರೆ ಸರಿಹೋಗುತ್ತೆ.

ಡ್ಯಾಶ್ ವಾಲ್ ಯಾವತ್ತೂ ಬಿಡಬೇಡಿ. ಅದಿದ್ರೆ ಸ್ಕ್ಯಾನ್‌ಎಫ್‌ನಲ್ಲಿ ವೇರಿಯಬಲ್ ಮುಂದೆ ಆ್ಯಂಪರ್ಸ್ಯಾಂಡ್ ಮರೆತಿದ್ದು, ಇಫ್ ಒಳಗೆ ಎರಡು ಈಕ್ವಲ್ ಹಾಕೋ ಕಡೆ ಒಂದೇ ಹಾಕಿದ್ದು, ಇಂಥ ಕಣ್ಣಿಗೆ ಕಾಣದ ತಪ್ಪುಗಳನ್ನ ಕಂಪೈಲರೇ ಬೆರಳಿಟ್ಟು ತೋರಿಸುತ್ತೆ. ಕೋಡ್‌ಬ್ಲಾಕ್ಸ್‌ನಲ್ಲಾದ್ರೆ ಸೆಟ್ಟಿಂಗ್ಸ್, ಕಂಪೈಲರ್ ಅನ್ನೋ ಕಡೆ ಹೋಗಿ ಇದೇ ಡ್ಯಾಶ್ ವಾಲ್ ಅಂತ ಬರೆದಿರೋ ಬಾಕ್ಸ್ ಟಿಕ್ ಮಾಡಿಬಿಡಿ. ಫ್ರೀಯಾಗಿ ಸಿಗೋ ಮೇಷ್ಟ್ರು ಇದು, ಇದರಷ್ಟು ತಾಳ್ಮೆ ಯಾರಿಗೂ ಇರಲ್ಲ.

ವಿಎಸ್ ಕೋಡ್ ಬೇಕಾ?

ಒಳ್ಳೇ ಎಡಿಟರ್, ಮುಂದೆ ಕೆಲಸಕ್ಕೆ ಹೋದಾಗ ಬೇಕಾಗುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದ್ರೆ ಮೊದಲ ಸೆಮಿಸ್ಟರ್‌ಗೆ ನಾನು ಬೇಡ ಅಂತೀನಿ. ಅದರಲ್ಲಿ ಕಂಪೈಲರ್ ಇರಲ್ಲ, ಮೊದಲು ಜಿಸಿಸಿ ಹಾಕಬೇಕು, ಅದು ಯಾವ ಫೋಲ್ಡರಲ್ಲಿದೆ ಅಂತ ವಿಂಡೋಸ್‌ಗೆ ತಿಳಿಸೋ ಪಾತ್ ಸೆಟ್ ಮಾಡಬೇಕು, ಆಮೇಲೆ ಸಿ ಪ್ಲಸ್ ಪ್ಲಸ್ ಎಕ್ಸ್‌ಟೆನ್ಷನ್ ಹಾಕಬೇಕು, ಫೋಲ್ಡರ್ ಓಪನ್ ಮಾಡಬೇಕು, ಅದು ತನ್ನದೇ ಎರಡು ಮೂರು ಸೆಟ್ಟಿಂಗ್ ಫೈಲ್ ಸೃಷ್ಟಿ ಮಾಡುತ್ತೆ, ಅದರಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿ ಆದ್ರೂ ಓಡಲ್ಲ. ಪ್ರೋಗ್ರಾಮ್ ಕಲಿಯೋಕೆ ಬಂದವರು ಸೆಟ್ಟಿಂಗ್ ಕಲಿಯೋದರಲ್ಲೇ ಸುಸ್ತಾಗ್ತಾರೆ. 4 ಜಿಬಿ ಮಷಿನಲ್ಲಿ ಪಕ್ಕದಲ್ಲಿ ಕ್ರೋಮ್ ಬೇರೆ ತೆರೆದಿದ್ರೆ ಫ್ಯಾನ್ ಶಬ್ದ ಹಾಲ್‌ಗೆ ಕೇಳಿಸುತ್ತೆ.

ಆದ್ರೂ ಬೇಕು ಅಂದ್ರೆ ಒಂದು ಮಾತು ನೆನಪಿಟ್ಕೊಳ್ಳಿ. ಕೋಡ್ ರನ್ನರ್ ಅನ್ನೋ ಎಕ್ಸ್‌ಟೆನ್ಷನ್ ಹಾಕ್ಕೊಂಡು ಮೂಲೇಲಿರೋ ಪ್ಲೇ ಬಟನ್ ಒತ್ತಿದ್ರೆ ಹಲೋ ವರ್ಲ್ಡ್ ಚೆನ್ನಾಗೇ ಬರುತ್ತೆ, ಸ್ಕ್ಯಾನ್‌ಎಫ್ ಇರೋ ಪ್ರೋಗ್ರಾಮ್‌ಗೆ ಮಾತ್ರ ನಂಬರ್ ಕೊಡೋಕೇ ಆಗಲ್ಲ, ಟೈಪ್ ಮಾಡಿದ್ರೂ ತಗೊಳ್ಳಲ್ಲ, ನಿಂತುಬಿಡುತ್ತೆ. ಔಟ್‌ಪುಟ್ ಅನ್ನೋ ಟ್ಯಾಬ್ ಬರೀ ತೋರಿಸೋಕೆ ಇರೋದು, ಇನ್‌ಪುಟ್ ತಗೊಳ್ಳಲ್ಲ. ಸೆಟ್ಟಿಂಗ್ಸ್‌ನಲ್ಲಿ ರನ್ ಇನ್ ಟರ್ಮಿನಲ್ ಅಂತ ಹುಡುಕಿ ಟಿಕ್ ಮಾಡಿದ್ರೆ ಸರಿಹೋಗುತ್ತೆ. ಜೊತೆಗೆ ಫೈಲ್ ಮೆನುವಲ್ಲಿ ಆಟೋ ಸೇವ್ ಆನ್ ಮಾಡಿ, ಸೇವ್ ಆಗದೇ ಇರೋ ಫೈಲ್ ಕಂಪೈಲ್ ಮಾಡಿ ಹಳೇ ಔಟ್‌ಪುಟ್ಟೇ ಮತ್ತೆ ಮತ್ತೆ ನೋಡ್ತಾ ಕೂರೋದು ತಪ್ಪುತ್ತೆ.

ವಿಎಸ್ ಕೋಡ್ ಬೇರೆ, ವಿಷುವಲ್ ಸ್ಟುಡಿಯೋ ಬೇರೆ ಅನ್ನೋದನ್ನೂ ನೋಡ್ಕೊಳ್ಳಿ. ಎರಡೂ ಮೈಕ್ರೋಸಾಫ್ಟ್‌ನದ್ದೇ, ಹೆಸರೂ ಹತ್ತಿರ, ವಿಷುವಲ್ ಸ್ಟುಡಿಯೋ ಮಾತ್ರ ಹಲವಾರು ಜಿಬಿ ನುಂಗುತ್ತೆ, ಫ್ಯಾಕ್ಟೋರಿಯಲ್ ಬರೆಯೋಕೆ ಅದು ಬೇಕಾಗೇ ಇಲ್ಲ.

ಉಬುಂಟು ಇದ್ರೆ

ನಿಮ್ಮ ಲ್ಯಾಬಲ್ಲಿ ಉಬುಂಟು ಇದ್ದು ಮನೇಲೂ ಅದನ್ನೇ ಹಾಕ್ಕೊಳ್ಳೋ ಧೈರ್ಯ ಇದ್ರೆ ಅದಕ್ಕಿಂತ ಒಳ್ಳೇದು ಇಲ್ಲ. ಹಳೇ ಮಷಿನ್ ಆದ್ರೆ ಲುಬುಂಟು ಹಾಕಿ, ಹಗುರ ಇರುತ್ತೆ. ಇನ್‌ಸ್ಟಾಲ್ ಆದಮೇಲೆ ಟರ್ಮಿನಲ್ ತೆಗೆದು ಸುಡೋ ಆ್ಯಪ್ಟ್ ಅಪ್‌ಡೇಟ್, ಆಮೇಲೆ ಸುಡೋ ಆ್ಯಪ್ಟ್ ಇನ್‌ಸ್ಟಾಲ್ ಬಿಲ್ಡ್ ಡ್ಯಾಶ್ ಎಸೆನ್ಷಿಯಲ್ ಜೀನಿ, ಇಷ್ಟು ಕೊಟ್ರೆ ಕಂಪೈಲರ್ ಎಡಿಟರ್ ಎರಡೂ ಬಂತು. ಪಾಸ್‌ವರ್ಡ್ ಟೈಪ್ ಮಾಡುವಾಗ ಸ್ಕ್ರೀನ್ ಮೇಲೆ ಏನೂ ಕಾಣದೇ ಇರಬಹುದು, ಕೀಬೋರ್ಡ್ ಹಾಳಾಗಿಲ್ಲ, ಅದು ಹಾಗೇ. ಜೀನಿಯಲ್ಲಿ ಎಫ್ 9 ಒತ್ತಿದ್ರೆ ಬಿಲ್ಡ್, ಎಫ್ 5 ಒತ್ತಿದ್ರೆ ರನ್. ಕೆಳಗಡೆ ಯಾವ ಕಮ್ಯಾಂಡ್ ಕೊಟ್ಟು ಕಂಪೈಲ್ ಮಾಡ್ತು ಅಂತಾನೂ ತೋರಿಸುತ್ತೆ, ಅದನ್ನ ಓದ್ತಾ ಓದ್ತಾನೇ ನಿಮಗೆ ಕಮ್ಯಾಂಡ್ ಬಾಯಿಗೆ ಬರುತ್ತೆ. ವಿಂಡೋಸ್‌ಗೂ ಜೀನಿ ಇದೆ.

ವಿಂಡೋಸಲ್ಲಿ ಓಡಿದ್ದು ಲ್ಯಾಬಿನ ಉಬುಂಟುವಲ್ಲಿ ಓಡಲಿಲ್ಲ ಅನ್ನೋದು ಎಕ್ಸಾಮ್ ದಿನ ಕೇಳೋ ಮಾತು, ಅದಕ್ಕೆ ಇದನ್ನ ಸ್ವಲ್ಪ ಬಿಡಿಸಿ ಹೇಳ್ತೀನಿ. ಕ್ವಾಡ್ರಾಟಿಕ್ ಈಕ್ವೇಷನ್‌ನ ರೂಟ್ಸ್ ಕಂಡುಹಿಡಿಯೋ ಪ್ರೋಗ್ರಾಮ್ ಎಲ್ಲ ಕೋರ್ಸಲ್ಲೂ ಇರುತ್ತೆ. ಮ್ಯಾಥ್ ಹೆಡರ್ ಹಾಕಿ, ವರ್ಗಮೂಲದ ಫಂಕ್ಷನ್ ಬಳಸಿ ಬರೆದಿದೀರ, ಮನೇಲಿ ಕೋಡ್‌ಬ್ಲಾಕ್ಸಲ್ಲಿ ಓಡಿದೆ. ಲ್ಯಾಬಲ್ಲಿ ಜಿಸಿಸಿ ಕೊಟ್ಟ ತಕ್ಷಣ ಅನ್‌ಡಿಫೈನ್ಡ್ ರೆಫರೆನ್ಸ್ ಟು ಎಸ್‌ಕ್ಯೂಆರ್‌ಟಿ ಅಂತ ಬರುತ್ತೆ. ಹೆಡರ್ ಹಾಕಿದೀನಲ್ಲ ಅಂತ ಮತ್ತೆ ಮತ್ತೆ ಮೇಲಿನ ಲೈನ್ ನೋಡ್ತೀರ, ಅಲ್ಲಿ ತಪ್ಪಿಲ್ಲ. ಹೆಡರ್ ಹೇಳೋದು ಇಂಥ ಫಂಕ್ಷನ್ ಒಂದು ಇದೆ ಅಂತ ಮಾತ್ರ, ಆ ಫಂಕ್ಷನ್‌ನ ನಿಜವಾದ ಕೋಡ್ ಲಿನಕ್ಸಲ್ಲಿ ಮ್ಯಾಥ್ ಲೈಬ್ರರಿ ಅಂತ ಬೇರೆ ಕಡೆ ಇದೆ, ಅದನ್ನ ಜೋಡಿಸು ಅಂತ ಲಿಂಕರ್‌ಗೆ ನೀವು ಹೇಳಬೇಕು. ಕಮ್ಯಾಂಡ್‌ನ ಕೊನೇಲಿ, ಫೈಲ್ ಹೆಸರು ಬಂದಮೇಲೆ, ಡ್ಯಾಶ್ ಎಲ್ ಎಮ್ ಸೇರಿಸಿ, ಎರಡೂ ಅಕ್ಷರ ಅಂಟಿಕೊಂಡಿರಬೇಕು. ವಿಂಡೋಸ್‌ನ ಮಿನ್‌ಜಿಡಬ್ಲ್ಯೂನಲ್ಲಿ ಇದು ಬೇಕಾಗಲ್ಲ, ಅದಕ್ಕೇ ಮನೇಲಿ ಗೊತ್ತಾಗಿರಲ್ಲ. ಅನ್‌ಡಿಫೈನ್ಡ್ ರೆಫರೆನ್ಸ್ ಅನ್ನೋ ಮಾತು ಎಲ್ಲೇ ಬಂದ್ರೂ ಅದು ಜೋಡಿಸೋ ಹಂತದ ತೊಂದರೆ, ಒಂದೋ ಲೈಬ್ರರಿ ಬಿಟ್ಟಿದೆ, ಇಲ್ಲಾ ಫಂಕ್ಷನ್ ಹೆಸರಿನ ಸ್ಪೆಲಿಂಗ್ ತಪ್ಪಿದೆ.

ಉಲ್ಟಾನೂ ಆಗುತ್ತೆ, ಲ್ಯಾಬಲ್ಲಿ ಓಡಿದ್ದು ಮನೇಲಿ ಓಡಲ್ಲ. ಹೆಡರ್ ಸೇರಿಸದೆ ಅಥವಾ ಮೇಲೆ ಡಿಕ್ಲೇರ್ ಮಾಡದೆ ಫಂಕ್ಷನ್ ಕರೆದ್ರೆ ಹಳೇ ಜಿಸಿಸಿ ಬರೀ ವಾರ್ನಿಂಗ್ ಕೊಟ್ಟು ಸುಮ್ಮನಾಗ್ತಿತ್ತು. 2024ರಲ್ಲಿ ಬಂದ ಜಿಸಿಸಿ 14ರಿಂದ ಅದು ಎರರ್, ಕಂಪೈಲೇ ಆಗಲ್ಲ. ಉಬುಂಟು 24.04ರಲ್ಲಿ ಬರೋದು ಜಿಸಿಸಿ 13, 22.04ರಲ್ಲಿ ಜಿಸಿಸಿ 11, ಅಂದ್ರೆ ಲ್ಯಾಬಲ್ಲಿ ವಾರ್ನಿಂಗ್ ಆಗಿ ಹೋಗಿದ್ದು ಮನೇಲಿ ಹೊಸ ಕಂಪೈಲರ್ ಹಾಕಿದ್ರೆ ತಡೆದು ನಿಲ್ಲಿಸುತ್ತೆ. ವರ್ಷನ್ ನಂಬರ್ ಬರೆದಿಟ್ಕೊಳ್ಳಿ ಅಂದಿದ್ದು ಇದಕ್ಕೇ. ಇಲ್ಲಿ ಹೊಸ ಕಂಪೈಲರ್ ಹೇಳೋದೇ ಸರಿ, ಹೆಡರ್ ಸೇರಿಸಿ, ಎರಡು ಕಡೆನೂ ಓಡುತ್ತೆ. ಒಂದು ಸಾಲು ಪೂರ್ತಿ ಓದೋ ಗೆಟ್ಸ್ ಫಂಕ್ಷನ್ ಕೂಡ ಹಳೇ ನೋಟ್ಸ್‌ಗಳಲ್ಲಿ ಇನ್ನೂ ಇದೆ, 2011ರ ಸಿ ಸ್ಟ್ಯಾಂಡರ್ಡ್‌ನಲ್ಲೇ ಅದನ್ನ ತೆಗೆದುಹಾಕಿದಾರೆ, ಎಫ್‌ಗೆಟ್ಸ್ ಕಲಿತ್ಕೊಳ್ಳಿ. ಮಿಕ್ಕಿರೋ ಇನ್‌ಪುಟ್ ಖಾಲಿ ಮಾಡೋಕೆ ಎಫ್‌ಫ್ಲಶ್ ಒಳಗೆ ಎಸ್‌ಟಿಡಿಇನ್ ಹಾಕೋದೂ ಅಷ್ಟೇ, ವಿಂಡೋಸಲ್ಲಿ ಕೆಲಸ ಮಾಡಿದ ಹಾಗೆ ಕಾಣುತ್ತೆ, ಲಿನಕ್ಸಲ್ಲಿ ನಂಬಿಕೊಳ್ಳೋಕೆ ಆಗಲ್ಲ.

ಬರೀ ಫೋನ್ ಇದ್ರೆ

ಲ್ಯಾಪ್‌ಟಾಪ್ ಇಲ್ಲ ಅಂತ ಕೂರಬೇಡಿ, ದಯವಿಟ್ಟು. ಫೋನಲ್ಲೂ ನಿಜವಾದ ಕಂಪೈಲರ್ ಓಡುತ್ತೆ. ನೆಟ್ ಚೆನ್ನಾಗಿದ್ರೆ ಆನ್‌ಲೈನ್ ಜಿಡಿಬಿ ಅನ್ನೋ ಸೈಟ್ ತೆಗೀರಿ, ಭಾಷೆ ಸಿ ಅಂತ ಆರಿಸಿ, ಬರೆದು ರನ್ ಒತ್ತಿ, ಇನ್‌ಪುಟ್ ಕೂಡ ತಗೊಳ್ಳುತ್ತೆ, ಡೀಬಗ್ಗೂ ಮಾಡಬಹುದು, ಇನ್‌ಸ್ಟಾಲ್ ಏನಿಲ್ಲ. ಊರಲ್ಲಿ ಸಿಗ್ನಲ್ ಒಂದು ಕಡ್ಡಿ ಬರೋ ಜಾಗ, ಕರೆಂಟ್ ಹೋದ್ರೆ ಟವರೂ ಹೋಗೋ ಜಾಗ ಆದ್ರೆ ಟರ್ಮಕ್ಸ್ ಹಾಕ್ಕೊಳ್ಳಿ, ಆಂಡ್ರಾಯ್ಡ್ ಫೋನಲ್ಲೇ ಟರ್ಮಿನಲ್ ಕೊಡೋ ಆ್ಯಪ್ ಅದು. ಎಫ್‌ಡ್ರಾಯ್ಡ್ ಅನ್ನೋ ಆ್ಯಪ್ ಸ್ಟೋರ್‌ನಿಂದ ತಗೊಳ್ಳೋದು ಒಳ್ಳೇದು. ಒಂದು ಸಲ ನೆಟ್ ಇದ್ದಾಗ ಪಿಕೆಜಿ ಇನ್‌ಸ್ಟಾಲ್ ಕ್ಲ್ಯಾಂಗ್ ಅಂತ ಕೊಟ್ರೆ ಆಯ್ತು, ಆಮೇಲೆ ತೋಟದ ಮನೇಲಿ ಕೂತ್ರೂ ಕಂಪೈಲ್ ಮಾಡಬಹುದು. ಕಮ್ಯಾಂಡ್ ಅದೇ, ಜಿಸಿಸಿ ಅನ್ನೋ ಕಡೆ ಕ್ಲ್ಯಾಂಗ್. ಫೈಲ್‌ನ ಫೋನಿನ ಡೌನ್‌ಲೋಡ್ಸ್ ಫೋಲ್ಡರಲ್ಲಿ ಇಟ್ರೆ ಕಂಪೈಲ್ ಆಗುತ್ತೆ, ಓಡಿಸೋಕೆ ಹೋದ್ರೆ ಪರ್ಮಿಷನ್ ಇಲ್ಲ ಅನ್ನುತ್ತೆ, ಆಂಡ್ರಾಯ್ಡ್ ಆ ಜಾಗದಿಂದ ಪ್ರೋಗ್ರಾಮ್ ಓಡಿಸೋಕೆ ಬಿಡಲ್ಲ, ಟರ್ಮಕ್ಸ್‌ನ ಸ್ವಂತ ಹೋಮ್ ಫೋಲ್ಡರಲ್ಲೇ ಇಟ್ಕೊಳ್ಳಿ. ಓಟಿಜಿ ಕೇಬಲ್ ಹಾಕಿ ಒಂದು ಸಾಧಾರಣ ಯುಎಸ್‌ಬಿ ಕೀಬೋರ್ಡ್ ಚುಚ್ಚಿದ್ರೆ ಟೈಪಿಂಗ್ ಆರಾಮ, ಫೋನಿನ ಕೀಬೋರ್ಡಲ್ಲಿ ಬ್ರಾಕೆಟ್ ಸೆಮಿಕೋಲನ್ ಹುಡುಕೋದೇ ದೊಡ್ಡ ಕೆಲಸ ಆಗಿಬಿಡುತ್ತೆ.

ಪೈಥಾನ್, ಜಾವಾ ಅಂದ್ರೆ

ಪೈಥಾನ್‌ಗೆ ಇಷ್ಟೆಲ್ಲ ಒದ್ದಾಟ ಇಲ್ಲ. ಥಾನಿ ಹಾಕ್ಕೊಳ್ಳಿ, ಎಸ್ಟೋನಿಯಾದ ಟಾರ್ಟು ಯೂನಿವರ್ಸಿಟಿಯಲ್ಲಿ ಹೊಸದಾಗಿ ಕಲಿಯೋರಿಗೇ ಅಂತ ಮಾಡಿದ್ದು, ಪೈಥಾನ್ ಒಳಗೇ ಬರುತ್ತೆ, ವೇರಿಯಬಲ್ ಬೆಲೆ ಪಕ್ಕದಲ್ಲೇ ಕಾಣುತ್ತೆ, ಒಂದೊಂದೇ ಹೆಜ್ಜೆ ಓಡಿಸಿ ನೋಡಬಹುದು. ಲ್ಯಾಬಲ್ಲಿ ಐಡಲ್ ಇದ್ರೆ ಅದೂ ಸಾಕು, ಅದು ಪೈಥಾನ್ ಜೊತೆಗೇ ಬರೋದು. ಪೈಥಾನ್‌ನ ನೇರವಾಗಿ ಹಾಕ್ತಿದ್ರೆ ಇನ್‌ಸ್ಟಾಲ್ ಮಾಡೋ ಮೊದಲ ಸ್ಕ್ರೀನಲ್ಲೇ ಕೆಳಗೆ ಪಾತ್‌ಗೆ ಸೇರಿಸು ಅನ್ನೋ ಬಾಕ್ಸ್ ಇರುತ್ತೆ, ಟಿಕ್ ಮಾಡೋದು ಮರೀಬೇಡಿ. ಜಾವಾಗೆ ಜೆಡಿಕೆ ಬೇಕು, ಬರೀ ಜೆಆರ್‌ಇ ಇದ್ರೆ ಓಡಿಸಬಹುದು, ಕಂಪೈಲ್ ಮಾಡೋಕೆ ಆಗಲ್ಲ. ಪಬ್ಲಿಕ್ ಕ್ಲಾಸ್ ಹೆಸರೂ ಫೈಲ್ ಹೆಸರೂ ಒಂದೇ ಇರಬೇಕು, ದೊಡ್ಡಕ್ಷರ ಸಣ್ಣಕ್ಷರ ಸಮೇತ.

ಹಾಕ್ಕೊಂಡಮೇಲೆ

ಒಂದು ಸೆಮಿಸ್ಟರ್ ಪೂರ್ತಿ ಅದರಲ್ಲೇ ಇರಿ. ಎರರ್ ಬಂತು ಅಂತ ಟೂಲ್ ಬದಲಾಯಿಸಬೇಡಿ, ಎರರ್ ಓದಿ. ಇಪ್ಪತ್ತು ಎರರ್ ಬಂದಿದ್ರೂ ಮೊದಲನೇದನ್ನ ಮಾತ್ರ ನೋಡಿ, ಫೈಲ್ ಹೆಸರಿನ ಪಕ್ಕ ಲೈನ್ ನಂಬರ್ ಇರುತ್ತೆ, ಆ ಲೈನೂ ಅದರ ಮೇಲಿನ ಲೈನೂ ನೋಡಿ, ಸೆಮಿಕೋಲನ್ ಬಿಟ್ಟಿರೋದು ಸಾಮಾನ್ಯವಾಗಿ ಮೇಲಿನ ಲೈನಲ್ಲಿರುತ್ತೆ. ಅದೊಂದನ್ನ ಸರಿ ಮಾಡಿ ಮತ್ತೆ ಕಂಪೈಲ್ ಮಾಡಿ, ಕೆಳಗಿನ ಹತ್ತು ಹದಿನೈದು ಎರರ್ ತಾವೇ ಹೋಗಿರ್ತವೆ.

ಕೋಡ್ ತಾನೇ ಬರೆದುಕೊಡೋ ಎಐ ಸಹಾಯ ಇವಾಗ ತುಂಬಾ ಎಡಿಟರ್‌ಗಳಲ್ಲಿ ಬಂದಿದೆ, ಮೊದಲ ಸೆಮಿಸ್ಟರಲ್ಲಿ ಅದನ್ನ ಆಫ್ ಮಾಡಿಡಿ. ಫಾರ್ ಅಂತ ಟೈಪ್ ಮಾಡಿದ ತಕ್ಷಣ ಪೂರ್ತಿ ಲೂಪ್ ಬಂದು ಕೂತ್ರೆ ಕೈಗೂ ಅಭ್ಯಾಸ ಆಗಲ್ಲ ತಲೆಗೂ ಆಗಲ್ಲ, ಲ್ಯಾಬ್ ಎಕ್ಸಾಮ್‌ನ ಮಷಿನಲ್ಲಿ ಅದು ಇರೋದೂ ಇಲ್ಲ. ಎರರ್ ಮೆಸೇಜ್‌ನ ಅರ್ಥ ಕೇಳೋಕೆ ಬಳಸಿ, ಅದು ಒಳ್ಳೇ ಉಪಯೋಗ.

ಔಟ್‌ಪುಟ್ ತಪ್ಪು ಬರ್ತಿದೆ, ಎರರ್ ಏನೂ ಇಲ್ಲ ಅಂದಾಗ ಡೀಬಗರ್ ಬಳಸೋದು ಕಲೀರಿ. ಕೋಡ್‌ಬ್ಲಾಕ್ಸಲ್ಲಿ ಒಂದೇ ಫೈಲ್ ತೆಗೆದು ಬರೆದಿದ್ರೆ ಡೀಬಗರ್ ಕೆಲಸ ಮಾಡಲ್ಲ, ಫೈಲ್, ನ್ಯೂ, ಪ್ರಾಜೆಕ್ಟ್, ಕನ್ಸೋಲ್ ಅಪ್ಲಿಕೇಶನ್ ಅಂತ ಹೋಗಿ ಪ್ರಾಜೆಕ್ಟ್ ಮಾಡಿ ಅದರೊಳಗೆ ಬರೀಬೇಕು. ಲೈನ್ ನಂಬರ್ ಪಕ್ಕ ಕ್ಲಿಕ್ ಮಾಡಿದ್ರೆ ಕೆಂಪು ಚುಕ್ಕೆ ಬೀಳುತ್ತೆ, ಎಫ್ 8 ಒತ್ತಿದ್ರೆ ಆ ಲೈನಲ್ಲಿ ನಿಲ್ಲುತ್ತೆ, ಎಫ್ 7 ಒತ್ತಿದ ಹಾಗೆಲ್ಲ ಒಂದೊಂದು ಲೈನ್ ಮುಂದೆ ಹೋಗುತ್ತೆ, ಡೀಬಗ್ ಮೆನುವಲ್ಲಿ ವಾಚಸ್ ಕಿಟಕಿ ತೆಗೆದ್ರೆ ಪ್ರತಿ ವೇರಿಯಬಲ್ ಬೆಲೆ ಬದಲಾಗೋದು ಕಾಣುತ್ತೆ. ಬಬಲ್ ಸಾರ್ಟ್ ಪ್ರೋಗ್ರಾಮ್ ಹಾಕಿ ಐದು ನಂಬರ್ ಕೊಟ್ಟು ಹೀಗೆ ನಡೆಸಿ ನೋಡಿ, ದೊಡ್ಡ ನಂಬರ್ ಒಂದೊಂದೇ ಮನೆ ದಾಟಿ ಕೊನೆಗೆ ಹೋಗೋದು ಕಣ್ಣಿಗೇ ಕಾಣುತ್ತೆ, ಐ ಮತ್ತು ಜೆ ಯಾವಾಗ ಎಷ್ಟಿರುತ್ತೆ ಅಂತ ಬಾಯಿಪಾಠ ಮಾಡೋದು ಬೇಕಾಗಲ್ಲ.

ಎಕ್ಸಾಮ್‌ಗೆ ಎರಡು ವಾರ ಇರುವಾಗ ಲ್ಯಾಬಲ್ಲಿ ಫ್ರೀ ಅವರ್ ಕೇಳಿ ತಗೊಂಡು, ಮನೇಲಿ ಬರೆದ ಪ್ರೋಗ್ರಾಮ್‌ಗಳನ್ನ ಪೆನ್‌ಡ್ರೈವ್‌ನಲ್ಲಿ ಒಯ್ದು ಅಲ್ಲಿನ ಕಂಪೈಲರಲ್ಲಿ ಒಂದೊಂದಾಗಿ ಓಡಿಸಿ ನೋಡಿ. ಡಾಟ್ ಸಿ ಫೈಲ್ ಮಾತ್ರ ಒಯ್ದ್ರೆ ಸಾಕು, ಡಾಟ್ ಎಕ್ಸಿ ಫೈಲ್ ಉಬುಂಟುವಲ್ಲಿ ಓಡಲ್ಲ. ಯಾವುದಕ್ಕೆ ಡ್ಯಾಶ್ ಎಲ್ ಎಮ್ ಬೇಕಾಯ್ತು, ಯಾವುದರಲ್ಲಿ ವಾರ್ನಿಂಗ್ ಬಂತು ಅಂತ ಆ ವರ್ಷನ್ ನಂಬರ್ ಬರೆದ ಪೇಜಲ್ಲೇ ಗುರುತು ಹಾಕ್ಕೊಳ್ಳಿ.